ಸೋಲುವ ಸರದಾರ

ಮರ್ಲ್ ಹಚೆನ್ಸ್‌ನ ಕೆಲಸ ಸೋಲುವುದು. ಒಹಾಯೊದ ಜೋಳದ ಹೊಲಗಳ ನಡುವೆ ಪ್ರತಿ ಸೆಪ್ಟೆಂಬರಿನಲ್ಲಿ ಕೂಡುವ ನಮ್ಮ ರಿನೈಸಾನ್ಸ್ ಮೇಳದ ಕುದುರೆ-ಭರ್ಜಿ ಕಾಳಗದ ಆಟದಲ್ಲಿ ಅವನು ಕಪ್ಪು ಸರದಾರ. ಇಲ್ಲಿ ನಮ್ಮೆಲ್ಲರದ್ದೂ ಐನೂರು ವರ್ಷ ಹಿಂದಿನ ವೇಷ, ಹಿಂದಿನ ಮಾತು. ಟಿಕೆಟ್ ಕೊಂಡವರ ಮುಂದೆ ಈ ಕಾಲದ ಮಾತೊಂದು ಬಾಯಿಂದ ಜಾರಿದರೆ ಮಾಲಕಿ ಡೊರೀನ್ ಸಿಗಿದು ತೋರಣ ಕಟ್ಟುತ್ತಾಳೆ. ನಾನು ಕಾಳಗದ ಕಣದ ಬೇಲಿಗೆ ಒತ್ತಿಕೊಂಡೇ ಚರ್ಮದ ಬೆಲ್ಟು ಮಾರುತ್ತೇನೆ. ಭರ್ಜಿ ತಾಗಿದ ಮರ್ಲ್ ಕುದುರೆಯಿಂದ ಬೀಳುವುದನ್ನು ಎಷ್ಟು ಸಲ ನೋಡಿದರೂ ನನ್ನ ಎದೆ ಝಲ್ಲೆನ್ನುತ್ತಿತ್ತು. ಅಷ್ಟು ಚೆನ್ನಾಗಿ ಬೀಳುತ್ತಿದ್ದ, ದರಿದ್ರದವನು.

ಆ ಭಾನುವಾರ ಬೆಳಿಗ್ಗೆ ಡೊರೀನ್ ಬಂದು ಹೇಳಿದಳು: "ವಯಸ್ಸಾಯ್ತು ಮರ್ಲ್. ಇವತ್ತು ಚೆನ್ನಾಗಿ ಬಿದ್ರೆ ಬರೋ ವರ್ಷ ನೋಡೋಣ. ಇಲ್ಲಾಂದ್ರೆ ಗೇಟಲ್ಲಿ ನಿಂತು ಟಿಕೆಟ್ ಹರಿ."

ಸವಾರರ ಕುದುರೆಗಳಿಗೆ ಮಾತ್ರ ಮೇಳದ ಲಾಯದಲ್ಲಿ ಜಾಗ. ಅವನ ಮುದಿ ಹೆಣ್ಣುಕುದುರೆ ಜೂನಿಪರ್‌ಗೆ ಬೇರೆ ನೆಲೆಯಿರಲಿಲ್ಲ, ಅವನಿಗೆ ಅದನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಕವಚ ತೊಟ್ಟ.

ಗೆಲ್ಲುವ ಸರದಾರ ಕರ್ಟಿಸ್ ಓಡಮ್. ಅವನಿಗೆ ಸವಾರಿ ಕಲಿಸಿದವನೇ ಮರ್ಲ್.

"ಏ ಮುದುಕಪ್ಪಾ, ಇವತ್ತಾದ್ರೂ ಬೇಗ ಶರಣು ಅನ್ನು. ಬಿಸಿಲಲ್ಲಿ ಬೆಂದುಹೋಗ್ತೀನಿ."

"ನಾನು ಸಾಯೋದನ್ನ ನೋಡೋಕೆ ಕಣೋ ಜನ ಬರೋದು. ನಿನ್ನ ಮೂತಿ ನೋಡೋಕಲ್ಲ." ಮರ್ಲ್ ಎದೆ ನೀವಿಕೊಂಡ. "ಹಾಳಾದ್ದು, ಆ ಟರ್ಕಿ ಕೋಳಿ ಕಾಲು ತಿಂದಿದ್ದು ಉರೀತಿದೆ."

ಭರ್ಜಿ ತಾಗಿತು. ಅಂಥ ಬೀಳುವಿಕೆಯನ್ನು ನಾನು ಕಂಡಿರಲಿಲ್ಲ. ಜನ ಎದ್ದು ನಿಂತರು. ಕರ್ಟಿಸ್ ಕುದುರೆಯಿಂದ ಧುಮುಕಿ, ಎಂದಿನಂತೆ ಅವನ ಎದೆಯ ಮೇಲೆ ಕಾಲಿಟ್ಟು ಗುಡುಗಿದ: "ಎಲವೋ ಕರಾಳ ವೀರ, ಶರಣೆನ್ನುವೆಯಾ?"

ಉತ್ತರವಿಲ್ಲ. ಮರ್ಲ್‌ನ ಚಾಳಿ ನಮಗೆಲ್ಲ ಗೊತ್ತಿತ್ತು; ಜನ ಹುಚ್ಚೆದ್ದು ಕೂಗುವ ತನಕ ಅವನು ಶರಣು ಅನ್ನುತ್ತಿರಲಿಲ್ಲ. ಇವತ್ತಂತೂ ಡೊರೀನ್ ನೋಡುತ್ತಿದ್ದಳು. ಕರ್ಟಿಸ್ ಗುರುವಿಗೆ ನೆರವಾಗಲೆಂದೇ ಆಟ ಎಳೆದ. ಜನರತ್ತ ತಿರುಗಿ ಮೀಸೆ ತಿರುವಿದ, ಕತ್ತಿ ಝಳಪಿಸಿದ, ಕಾಲನ್ನು ಇನ್ನಷ್ಟು ಒತ್ತಿದ. "ಶರಣೆನ್ನು, ಇಲ್ಲವೇ ಮಡಿ!"

"ಮಡಿ! ಮಡಿ!" ಎಂದು ಮಕ್ಕಳು ಕೂಗಿದವು.

ಕೊನೆಗೆ ಅವನೇ ಬಗ್ಗಿ ಮರ್ಲ್‌ನ ಮುಖದ ಕವಚ ಎತ್ತಿದ. ತುಟಿ ನೀಲಿಯಾಗಿತ್ತು.

"ಯಾರಾದ್ರೂ ಫೋನ್ ಮಾಡ್ರೋ! ಆಂಬುಲೆನ್ಸ್! ಬೇಗ!"

ಸರದಾರನ ಬಾಯಲ್ಲಿ ಫೋನ್! ಜನ ಬಿದ್ದು ಬಿದ್ದು ನಕ್ಕರು. ಅವನು ಶಿರಸ್ತ್ರಾಣ ಕಿತ್ತೆಸೆದು ಅಳತೊಡಗಿದಾಗ ಚಪ್ಪಾಳೆ ತಟ್ಟಿದರು. ಆಂಬುಲೆನ್ಸ್ ಕಣದೊಳಗೆ ಬಂದ ಮೇಲಷ್ಟೇ ಒಬ್ಬೊಬ್ಬರಾಗಿ ಕೂತರು.

ಅವನನ್ನು ಮಣ್ಣು ಮಾಡಿದ ದಿನ ಡೊರೀನ್ ಕಣ್ಣೊರೆಸಿಕೊಂಡಳು. "ಪುಣ್ಯವಂತ. ಚಪ್ಪಾಳೆ ಕೇಳ್ತಾ ಹೋದ."

ನನಗೆ ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಕರ್ಟಿಸ್‌ಗೆ ಸಿಟ್ಟೂ ಬರಲಿಲ್ಲ.

"ಅವನು ಉಸಿರಿಗೆ ಒದ್ದಾಡ್ತಿದ್ದಾಗ ನನ್ನ ಕಾಲು ಅವನೆದೆ ಮೇಲಿತ್ತು, ಡೊರೀನ್," ಅಂದ. "ಅದು ಏರಿಳೀತಿದ್ದದ್ದು ನಂಗೆ ಗೊತ್ತಾಗ್ತಿತ್ತು."