ನಮಗೆ ಗೊತ್ತಿದ್ದ ತಾರೀಖು

ಅದಿರಿನ ಲಾರಿಗಳು ಬಳ್ಳಾರಿಯ ರಸ್ತೆಗಳನ್ನೆಲ್ಲ ಕೆಂಪು ಮಾಡಿದ್ದ ವರ್ಷಗಳವು. ನನ್ನ ಗಂಡ ಊರ ಹೊರಗೆ ಲಾರಿ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದರು. ನಾನು ಕುರುಗೋಡಿನಲ್ಲಿ ಹೈಸ್ಕೂಲು ಟೀಚರ್. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಕೊನೆಗೆ ಹೈದರಾಬಾದಿನ ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸಿಕೊಂಡೆವು. ಎರಡು ಸಲ ನಿಲ್ಲಲಿಲ್ಲ. ಮೂರನೆಯ ಸಲ ನಿಂತಿತು.

ಮೊದಲ ಸ್ಕ್ಯಾನಿಗೆ ಬಳ್ಳಾರಿಯ ಡಾಕ್ಟರ ಹತ್ತಿರ ಹೋದಾಗ ಸಿರುಗುಪ್ಪದಿಂದ ಅತ್ತೆಯೂ ಬಂದಿದ್ದರು. ಡಾಕ್ಟರು ಪರದೆ ನೋಡುತ್ತ, "ಏಳು ವಾರ" ಎಂದರು.

"ಇಲ್ರೀ ಮೇಡಂ, ಹೈದರಾಬಾದಿನವರು ಭ್ರೂಣ ಒಳಗ ಇಟ್ಟು ಇನ್ನೂ ಐದು ವಾರ ಸೈತ ಆಗಿಲ್ಲ" ಎಂದೆ.

ಅವರು ನಕ್ಕರು. "ಎಲ್ಲ ಹೆಂಗಸರಿಗೂ ಮುಟ್ಟಾದ ದಿನದಿಂದ ಲೆಕ್ಕ ಹಿಡೀತೀವ್ರಿ. ಖರೇ ಅಂದ್ರ ಕೂಸು ನಿಲ್ಲೋದು ಅದಾಗಿ ಎರಡು ವಾರಕ್ಕ. ನಿಮ್ಮ ಅಂಡಾಣು ತೆಗೆದ ದಿನ ನಮಗ ಗೊತ್ತೈತಿ. ಒಳಗ ಇಡೋ ಹೊತ್ತಿಗೆ ಅದಕ್ಕ ಮೂರು ದಿನ ಆಗಿತ್ತು. ಆ ಮೂರು ದಿನ, ಅದರ ಹಿಂದಿನ ಎರಡು ವಾರ, ಎರಡೂ ಸೇರಿಸಬೇಕು."

"ಕೂಸೇ ಇಲ್ಲದ ಎರಡು ವಾರಾನೂ ಕೂಸಿನ ಲೆಕ್ಕಕ್ಕೇನ್ರೀ?" ಎಂದರು ಅತ್ತೆ.

"ಲೋಕದಾಗ ಎಲ್ಲರ ಲೆಕ್ಕಾನೂ ಹಂಗೇ ಅಮ್ಮ. ಆದ್ರ ಬ್ಯಾರೇದವರದು ಅಂದಾಜು. ನಿಮ್ಮ ಸೊಸೀದು ಪಕ್ಕಾ."

ಪಕ್ಕಾ ಎಂಬ ಮಾತು ನನಗೆ ಬಹಳ ಹಿಡಿಸಿತು. ವರ್ಷಗಟ್ಟಲೆ ನಮ್ಮ ಪಾಲಿಗೆ ಯಾವುದೂ ಪಕ್ಕಾ ಆಗಿರಲಿಲ್ಲ.

ರಜೆ ಹಾಕಿ ಸಿರುಗುಪ್ಪದ ಅತ್ತೆ ಮನೆಯಲ್ಲಿ ಉಳಿದೆ. ಅತ್ತೆ ನನ್ನನ್ನು ಕೊಡ ಎತ್ತಲೂ ಬಿಡಲಿಲ್ಲ. ಗಂಡ ಭಾನುವಾರ ಬರುತ್ತಿದ್ದರು. ಮೊಳಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೆಯೇ ಹೊಟ್ಟೆ ಮುಟ್ಟುತ್ತಿದ್ದರು. ಕೂಸು ಒದ್ದರೆ ಅಂಗೈಯನ್ನು ಅಲ್ಲೇ ಇಟ್ಟುಕೊಂಡು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬಸಿರಿನ ನೀರು ಒಡೆದು ಹೋಯಿತು. ಅವತ್ತು ಗಂಡ ಸಿರುಗುಪ್ಪದಲ್ಲೇ ಇದ್ದರು. ಕಾರು ಹಿಡಿದು ಬಳ್ಳಾರಿಗೆ ಹೊರಟೆವು. ಊರು ಸಮೀಪಿಸುತ್ತಲೇ ಅದಿರು ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಗಂಡ ಇಳಿದು ಓಡುತ್ತ, ಲಾರಿಗಳ ಬಾಗಿಲು ಬಡಿದು ಡ್ರೈವರುಗಳ ಕಾಲಿಗೆ ಬೀಳುವ ಹಾಗೆ ಬೇಡಿಕೊಂಡರು. ಒಬ್ಬೊಬ್ಬರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಡಾಕ್ಟರು ನೋಡಿ ಮುಖ ಸಣ್ಣದು ಮಾಡಿದರು. "ಇಪ್ಪತ್ನಾಲ್ಕು ವಾರ. ನೋವು ನಿಲ್ಲಸಾಕ ಆಗವಲ್ದು. ಇಷ್ಟು ಸಣ್ಣ ಕೂಸನ್ನ ಉಳಿಸೋ ಸೌಕರ್ಯ ಈ ಊರಾಗ ಇಲ್ರೀ. ಬ್ಯಾರೆ ಊರಿಗೆ ಒಯ್ಯಾಕ ಹೊತ್ತಿಲ್ಲ."

ಪಕ್ಕದ ಮಂಚದಲ್ಲಿ ಮೋಕಾ ಹಳ್ಳಿ ಕಡೆಯ ಹುಡುಗಿಯೊಬ್ಬಳು ನೋವು ತಿನ್ನುತ್ತಿದ್ದಳು. ಅವಳಿಗೂ ದಿನ ತುಂಬಿರಲಿಲ್ಲ; ಆದರೆ ಮುಟ್ಟಿನ ದಿನ ನೆನಪಿರಲಿಲ್ಲ, ಸ್ಕ್ಯಾನೂ ತಡವಾಗಿ ಮಾಡಿಸಿದ್ದರು. ಅವಳ ತಾಯಿಗೆ ಡಾಕ್ಟರು, "ನಾವು ಅಂದಕೊಂಡಿದ್ದಕ್ಕಿಂತ ಎರಡು ಮೂರು ವಾರ ಹೆಚ್ಚೇ ಇರಬಹುದು. ಗಾಜಿನ ಪೆಟ್ಟಿಗ್ಯಾಗ ಇಟ್ಟು ನೋಡೋಣು" ಎಂದದ್ದು ನಮ್ಮ ಕಿವಿಗೂ ಬಿತ್ತು.

ಅತ್ತೆಗೆ ತಡೆಯಲಾಗಲಿಲ್ಲ. ಡಾಕ್ಟರ ಎರಡೂ ಕೈ ಹಿಡಿದುಕೊಂಡರು.

"ಇಕೀಗೂ ಹಂಗ ಹೆಚ್ಚು ಹಿಡೀರಿ ಡಾಕ್ಟರಮ್ಮ. ಏಳು ತಿಂಗಳದಾಗ ಅಂತ ತಿಳೀರಿ. ಏಳರಾಗ ಹುಟ್ಟಿದವು ನಮ್ಮ ಓಣ್ಯಾಗ ಬದುಕ್ಯಾವು."

ಡಾಕ್ಟರು ಕೈ ಬಿಡಿಸಿಕೊಳ್ಳದೆ ನನ್ನ ಮಂಚದ ಅಂಚಿಗೆ ಕೂತರು. "ಹಿಡಿಯಾಕ ಬರಂಗಿಲ್ಲ ಅಮ್ಮ. ಇವರ ದಿನ ನಮಗ ಗೊತ್ತೈತಿ."

ನಾನು ಆ ಹುಡುಗಿಯತ್ತ ನೋಡಿದೆ. ಜೀವಮಾನದಲ್ಲಿ ಯಾರ ಒಡವೆಗೂ ಅಷ್ಟು ಆಸೆಪಟ್ಟಿರಲಿಲ್ಲ; ಅವತ್ತು ಅವಳ ಮರೆವಿಗೆ ಆಸೆಪಟ್ಟೆ.

ಹೆಣ್ಣು ಕೂಸು. ಬಟ್ಟೆಯಲ್ಲಿ ಸುತ್ತಿ ನನ್ನ ಎದೆಯ ಮೇಲೆ ಮಲಗಿಸಿದರು. ಅಳಲಿಲ್ಲ. ಪಕ್ಕೆಲುಬು ಏಳುತ್ತಿತ್ತು, ಇಳಿಯುತ್ತಿತ್ತು. ಉಗುರು ಕೂಡ ಮೂಡಿದ್ದವು. ಗಂಡ ಬಾಗಿ, ತಮ್ಮ ದೊಡ್ಡ ಬೆರಳನ್ನು ಅದರ ಅಂಗೈಗೆ ತಾಗಿಸಿದರು. "ಬಿಸಿ ಐತಿ" ಎಂದರು ನನ್ನ ಮುಖ ನೋಡಿ, ಅಷ್ಟೇ ಸಾಕು ಎನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಅದೂ ಆರಿತು.

ದೇಶನೂರಿನಲ್ಲಿ ಗಂಡನ ಮನೆತನದ ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿದರು. ನನ್ನನ್ನು ಕರೆದೊಯ್ಯಲಿಲ್ಲ.

ಪಕ್ಕದ ಮಂಚದ ಕೂಸು ಉಳಿಯಿತಂತೆ. ಆಸ್ಪತ್ರೆಯ ಆಯಾ ಹೇಳಿದಳು. ಒಳ್ಳೆಯದಾಯಿತು ಎಂದೆ, ಗೋಡೆ ಕಡೆ ತಿರುಗಿಕೊಂಡು.

ಸಿರುಗುಪ್ಪಕ್ಕೆ ಬಂದ ಮೇಲೆ ಹಾಲು ಇಳಿಯಿತು. ಅದು ನನಗೆ ಯಾರೂ ಹೇಳಿರದ ಸಂಗತಿ. ರವಿಕೆ ತೊಯ್ದು ಸೀರೆಗೆಲ್ಲ ಹತ್ತಿತು. ಅತ್ತೆ ಹಳೆಯ ಸೀರೆ ಹರಿದು, ಬಾಗಿಲು ಹಾಕಿ, ಹಾಲು ಬತ್ತಲೆಂದು ನನ್ನ ಎದೆ ಸುತ್ತ ಕಟ್ಟತೊಡಗಿದರು.

"ನೋಯ್ತದೇನವ್ವ?"

"ಇನ್ನಷ್ಟು ಬಿಗಿ ಕಟ್ರಿ ಅತ್ತಿ."

ಅವರು ಗಂಟು ಹಾಕಲು ಹೋಗಿ ಹಾಕಲಾರದೆ, ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಅತ್ತರು. ಬಟ್ಟೆಯ ಎರಡೂ ತುದಿ ಅವರ ಕೈಯಲ್ಲೇ ಇದ್ದವು. ಅವರ ಅಳು ಮುಗಿಯುವವರೆಗೆ ನಾನು ಕದಲದೆ ಕೂತಿದ್ದೆ.