ಒತ್ತಿದರೆ ತೆರೆಯದ ಬಳಗಾನೂರು

ನಿಮ್ಮ ಫೋನು ಕೆಟ್ಟಿರಲಿಲ್ಲ, ಶಹನಾಜ್ ಆಪಾ. ನೆಟ್ಟೂ ಸರಿಯಾಗಿಯೇ ಇತ್ತು. ಸುಳ್ಳು ಹೇಳಿದವನು ನಾನು — ಎರಡು ವರ್ಷದಿಂದ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ.

ಬಳಗಾನೂರಿನ ಮನೆಮನೆಯ ಬೋರಿನ ನೀರಲ್ಲಿ ಎಷ್ಟು ಉಪ್ಪಿದೆ ಎಂದು ವಾರವಾರ ಅಳೆದು ಕಳಿಸುತ್ತಿದ್ದವರು ನೀವು. ಲಿಂಗಸುಗೂರಿನ ನಮ್ಮ ಸಣ್ಣ ಆಫೀಸಿನಲ್ಲಿ ಅದನ್ನು ಕಂಪ್ಯೂಟರಿನ ನೋಟ್‌ಬುಕ್ಕಿಗೆ — ಲೆಕ್ಕವನ್ನೂ ಗ್ರಾಫನ್ನೂ ಒಟ್ಟಿಗೆ ಇಡುವ ಕಡತಕ್ಕೆ — ಏರಿಸುತ್ತಿದ್ದವನು ನಾನು. ಅದರಲ್ಲಿ ಊರಿನ ಹೆಸರು ಒತ್ತಿದರೆ ಆ ಊರಿನ ಗ್ರಾಫ್ ತೆರೆಯುತ್ತಿತ್ತು. ಎಲ್ಲರೂ ಫೋನಿನಲ್ಲಿ ನೋಡಲೆಂದು ಅದನ್ನು ವೆಬ್ ಪುಟವಾಗಿ ಬದಲಾಯಿಸಿದೆ ನೋಡಿ — ಬರಹವೆಲ್ಲ ಬಂತು, ಗ್ರಾಫಿನ ಜಾಗ ಮಾತ್ರ ಖಾಲಿ. ಗ್ರಾಫನ್ನು ನಡೆಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಜೊತೆಗೆ ಬಂದಿರಲಿಲ್ಲ. ಮೂರು ದಿನ ಒದ್ದಾಡಿದೆ, ತಲೆ ಚಿಟ್ಟು ಹಿಡಿಯಿತು. ಕೊನೆಗೆ ನನ್ನ ಪರದೆಯ ಮೇಲಿದ್ದ ಗ್ರಾಫಿನ ಚಿತ್ರ ತೆಗೆದು ಅಲ್ಲಿ ಅಂಟಿಸಿ ಕೈ ತೊಳೆದುಕೊಂಡೆ. ಆಗ ತೆರೆದಿದ್ದದ್ದು ಇನ್ನೊಂದು ಊರಿನ, ಸಾಲಗುಂದದ ಗ್ರಾಫ್. ಪಕ್ಕದಲ್ಲಿ ಬಳಗಾನೂರಿನ ಹೆಸರೂ ಇತ್ತು — ಬರೀ ಚಿತ್ರವಾಗಿ, ಎಷ್ಟು ಒತ್ತಿದರೂ ತೆರೆಯದಂತೆ.

ಆ ಪುಟವನ್ನು ಊರುಗಳವರಿಗೆ ತೋರಿಸಲು ಸಿಂಧನೂರಿನಲ್ಲಿ ಕರೆದ ಸಭೆಗೆ ನೀವು ನಿಮ್ಮ ಓಣಿಯ ಹೆಂಗಸರನ್ನು ಕರೆತಂದಿರಿ. ವರ್ಷವಿಡೀ ಅವರ ಬಾಗಿಲಿಗೆ ಹೋಗಿ ನೀರು ಕೇಳಿದ್ದಿರಿ; ಏನಾಯಿತೆಂದು ತೋರಿಸಬೇಕಿತ್ತು. ನಿಮ್ಮ ಫೋನಿನಲ್ಲಿ ಊರಿನ ಹೆಸರಿನ ಮೇಲೆ ಬೆರಳಿಟ್ಟು ಒತ್ತಿದಿರಿ. ಮತ್ತೆ ಒತ್ತಿದಿರಿ.

“ವರ್ಷಗಟ್ಲೆ ನೀರು ಒಯ್ದೀಯಲ್ಲ ಬೇ, ನಮ್ಮೂರಿಂದು ಎಲ್ಲೈತಿ?” ಎಂದಳು ಒಬ್ಬಾಕೆ. ನೀವು ನನ್ನ ಮುಖ ನೋಡಿದಿರಿ.

“ನೆಟ್ ಸಿಗವಲ್ದು ಅನಸ್ತೈತ್ರೀ ಆಪಾ,” ಎಂದೆ.

ಅಷ್ಟೇ ಮಾತು. ಆಮೇಲೆ ಓಣಿಯವರು ನಿಮ್ಮ ಮೇಲಿನ ನಂಬಿಕೆ ಕಳೆದುಕೊಂಡು ನಿಮಗೆ ನೀರು ಕೊಡುವುದನ್ನು ಬಿಟ್ಟರು. ತಿಂಗಳ ನಂತರ ಮಸ್ಕಿಯಿಂದ ನೀವು ಫೋನ್ ಮಾಡಿದಿರಿ: “ಇಲ್ಲಿ ನೆಟ್ ಚಲೋ ಐತಿ ಬಸಣ್ಣ, ಮಗಳ ಹೊಸ ಫೋನಿನ್ಯಾಗೂ ಬರವಲ್ದು. ನಾನೇ ಏನೋ ತಪ್ಪು ಒತ್ತಾಕತ್ತೀನಿ ನೋಡು.”

ನಾನು — ಹ್ಞೂಂ ಎಂದೆ.

ಹೋದ ವಾರ ಪುಟವನ್ನು ಸರಿಪಡಿಸಿದೆ. ಸ್ಕ್ರಿಪ್ಟನ್ನು ಪುಟದೊಳಗೇ ಸೇರಿಸಿದರೆ ಸಾಕಿತ್ತು. ಒಂದು ಸಾಲಿನ ಕೆಲಸ. ಆ ಮೂರು ದಿನ ಕಂಪ್ಯೂಟರನ್ನು ಬಾಯಿಗೆ ಬಂದಂತೆ ಬೈದಿದ್ದೆ. ಬೈಸಿಕೊಳ್ಳಬೇಕಾದವನು ಅದರ ಎದುರು ಕೂತಿದ್ದ. ಈಗ ಬಳಗಾನೂರು ಒತ್ತಿದರೆ ತೆರೆಯುತ್ತದೆ. ಗೆರೆ ಆ ಸಭೆಯ ವಾರದವರೆಗೆ ಬಂದು ನಿಲ್ಲುತ್ತದೆ, ಮುಂದೆ ಏನೂ ಇಲ್ಲ.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಆ ಹೆಂಗಸರನ್ನೂ ಕರೆಯಿರಿ, ಆಪಾ. ನೀವು ತಪ್ಪು ಒತ್ತಿರಲಿಲ್ಲ ಎಂದು ಅವರ ಎದುರಿಗೇ ಹೇಳಬೇಕು.