ಅತ್ತೆಯವರು ಶುರು ಮಾಡಿದ ಜ್ಯಾಮ್

ವಾರವಿಡೀ ಹೊಲಿಗೆ ಮಿಷನ್ನುಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡುವ ಗುಡುಗಪ್ಪ ಭಾನುವಾರ ಮಧ್ಯಾಹ್ನ ಮಾತ್ರ ಚಕ್ರವರ್ತಿ. ಗುಡುಗಪ್ಪ ಎಂಬ ಹೆಸರು ಬೀದಿಯವರು ಇಟ್ಟದ್ದು. ಕಾರಣ, ಅತ್ತೆ ಮನೆಯ ಮಹಡಿ ಕೋಣೆಯಲ್ಲಿದ್ದ ಅವನ ಡ್ರಮ್ಮುಗಳು. ಸೈನ್ಯ ಇಬ್ಬರದು: ಗಿಟಾರ್ ಹಿಡಿದ ಔಷಧಿ ಅಂಗಡಿಯವನು, ಬೇಸ್ ಗಿಟಾರ್ ಹಿಡಿದ ಬಸ್ ಡ್ರೈವರ್. ಇವರ ರಾಕ್ ಬ್ಯಾಂಡಿನಲ್ಲಿ ಹಾಡುವವರಿಲ್ಲ, ಮೊದಲೇ ಗೊತ್ತುಮಾಡಿದ ರಾಗವೂ ಇಲ್ಲ. ಒಬ್ಬ ಏನಾದರೊಂದು ಸದ್ದು ಎಸೆಯಬೇಕು, ಮಿಕ್ಕವರು ಅದರ ಬೆನ್ನು ಹತ್ತಬೇಕು; ಇದಕ್ಕೆ ಅವರು 'ಜ್ಯಾಮ್' ಎನ್ನುತ್ತಿದ್ದರು. ಈ ಸಾಮ್ರಾಜ್ಯಕ್ಕೆ ಇದ್ದದ್ದು ಒಂದೇ ಕಾನೂನು: ಶುರು ಮಾಡಿದವರೇ ನಿಲ್ಲಿಸಬೇಕು.

ಕೆಳಗೆ ಮಲಗುವ ಅತ್ತೆಯವರ ಮಧ್ಯಾಹ್ನದ ನಿದ್ದೆ ಮಣ್ಣುಪಾಲಾಗಿತ್ತು. ಕೊನೆಗೆ ಅಪ್ಪಣೆಯಾಯಿತು: "ಈ ಭಾನುವಾರ ನಾನೇ ಮೇಲೆ ಬಂದು ಕೇಳ್ತೀನಿ. ಸಹಿಸೋ ಹಾಗಿದ್ರೆ ಸರಿ. ಇಲ್ದಿದ್ರೆ ಸಂಜೆಯೊಳಗೆ ಕೋಣೆ ಖಾಲಿ ಮಾಡಿ."

ಈ ಸೈನ್ಯಕ್ಕೆ ಜಾಗ ಕೊಡುವಷ್ಟು ಕಿವುಡರು ಊರಲ್ಲಿ ಯಾರೂ ಇರಲಿಲ್ಲ.

ಅತ್ತೆ ಬಂದರು. ಕಬ್ಬಿಣದ ಕುರ್ಚಿಯನ್ನು ಕಿಟಕಿಯ ಬಳಿಗೆ ಕಿರ್ರನೆ ಎಳೆದರು. ಕಣ್ಣು ಮುಚ್ಚಿ ನಿಂತಿದ್ದ ಔಷಧಿ ಅಂಗಡಿಯವನು, ಡ್ರೈವರ್ ಶುರು ಹಚ್ಚಿಕೊಂಡನೆಂದು ಭಾವಿಸಿ ಅದೇ ಕಿರ್ರೆಂಬ ಸದ್ದನ್ನು ಗಿಟಾರಿನಲ್ಲಿ ಎತ್ತಿದ. ಡ್ರೈವರ್ ಹಿಂಬಾಲಿಸಿದ. ಗುಡುಗಪ್ಪ ರಣಭೇರಿ ಬಾರಿಸಿದ.

ಬಾರಿಸಿ ಬಾರಿಸಿ ತೋಳು ಬಿದ್ದುಹೋಗುವ ಹೊತ್ತಾಯಿತು. ಯುದ್ಧ ಮಾತ್ರ ಮುಗಿಯಲೊಲ್ಲದು.

"ಯಾರ್ರೋ ಶುರು ಮಾಡಿದ್ದು? ನಿಲ್ಸ್ರೋ!" ಗುಡುಗಪ್ಪ ಅರಚಿದ.

"ನಾನಲ್ಲಪ್ಪ, ಡ್ರೈವರ್ರು!" ಎಂದ ಔಷಧಿ ಅಂಗಡಿಯವನು.

"ನಾನು ನಿನ್ ಹಿಂದೆ ಬಂದೋನು ಕಣೋ!" ಎಂದ ಡ್ರೈವರ್.

"ಮತ್ತೆ ಮೊದ್ಲು ಕಿರ್ ಅಂದಿದ್ದು ಯಾರು?" ಎಂದ ಗುಡುಗಪ್ಪ.

ಮೂವರ ಕಣ್ಣೂ ಒಟ್ಟಿಗೆ ಕುರ್ಚಿಯ ಕಾಲಿಗೆ ಹೋದವು. ಆದರೂ ಕಾನೂನು ಕಾನೂನೇ.

"ಅತ್ತೇ, ಕುರ್ಚಿ ಎಳೀರಿ! ನೀವು ಎಳೆಯೋತನಕ ನಾವು ನಿಲ್ಸೋ ಹಾಗಿಲ್ಲ!"

"ಹೌದಾ?" ಅತ್ತೆ ಕುರ್ಚಿಯ ಬೆನ್ನಿಗೆ ಒರಗಿಕೊಂಡು ಆರಾಮಾಗಿ ಕೂತರು. "ಹಾಗಾದ್ರೆ ಬಾರಿಸಿ, ಅಳಿಯಂದ್ರೇ. ಇಷ್ಟು ದಿನ ನನ್ ನಿದ್ದೆ ಕೆಡಿಸುವಾಗ ಕೈ ನೋಯ್ಲಿಲ್ವಲ್ಲ!"

ಬಾರಿಸಿದರು. ಗುಡುಗಪ್ಪನ ಅಂಗಿ ಹಿಂಡುವಂತಾಯಿತು. ಅತ್ತೆಯ ಕಾಲ ಹೆಬ್ಬೆರಳು ತನ್ನಷ್ಟಕ್ಕೆ ತಾಳ ಹಾಕತೊಡಗಿತ್ತು; ಯಜಮಾನತಿಗೆ ಅದರ ಸುಳಿವಿರಲಿಲ್ಲ.

"ಪಾಪ ಬಿಡಮ್ಮಾ, ನಾಳೆ ನಮ್ಮವ್ರು ರಿಪೇರಿ ಅಂಗಡಿ ತೆಗೀಬೇಕು!" ಎಂದು ಮಗಳು ಮೆಟ್ಟಿಲಿನಿಂದ ಕೂಗಿದ ಮೇಲೆ ಅತ್ತೆ ಎದ್ದು ಕುರ್ಚಿ ಎಳೆದರು. ಮೂವರೂ ಒಂದೇ ಏಟಿಗೆ ನಿಂತರು.

"ಕೋಣೆ...?" ಗುಡುಗಪ್ಪ ಏದುಸಿರಿನಲ್ಲಿ ಕೇಳಿದ.

"ಇಟ್ಕೊಳ್ಳಿ. ಒಂದಕ್ಷರ ಅರ್ಥ ಆಗ್ಲಿಲ್ಲ," ಎಂದರು ಅತ್ತೆ, ಮೆಟ್ಟಿಲಿಳಿಯುತ್ತ. "ಮುಂದಿನ ವಾರ ಮಾತ್ರ ನಾನು ಬರೋ ಮುಂಚೆ ಯಾರೂ ಶುರು ಮಾಡಬಾರ್ದು."